ವೈಫೈ ಕ್ಯಾಮೆರಾ ಹಾಕಿಸಿರುವವರು ಮೊದಲು ನೋಡಿಕೊಳ್ಳಿ: ಅದರ ಮಾಲೀಕರು ಯಾರು?

ಊರಿನಲ್ಲಿರುವ ಅಪ್ಪ ಅಮ್ಮನಿಗಾಗಿ ವೈಫೈ ಕ್ಯಾಮೆರಾ ಹಾಕಿಸಿದ್ದರೆ, ಮುಂದೆ ಓದುವ ಮೊದಲು ಮೊಬೈಲಿನಲ್ಲಿ ಅದರ ಆ್ಯಪ್ ತೆರೆದು ನೋಡಿ. ಮಾಲೀಕರು ಎಂಬಲ್ಲಿ ಯಾರ ನಂಬರ್ ಇದೆ? ನಮ್ಮ ಕ್ಯಾಮೆರಾದಲ್ಲಿ ಇದ್ದದ್ದು ನನ್ನ ನಂಬರಲ್ಲ. ಅದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು, ಅಮ್ಮನ ಮಣಿಕಟ್ಟಿನ ಮೂಳೆ ಮುರಿಯಬೇಕಾಯಿತು.

ನಾನಿರುವುದು ಮೈಸೂರಿನಲ್ಲಿ. ಅಮ್ಮ ಸಾಗರ ತಾಲ್ಲೂಕಿನ ಹಳ್ಳಿಮನೆಯಲ್ಲಿ ಒಬ್ಬಳೇ. ತೋಟ ಬಿಟ್ಟು ಬರುವುದಿಲ್ಲ ಎಂಬ ಅವಳ ಮಾತಿಗೆ ಎದುರಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. 2024ರ ಸಂಕ್ರಾಂತಿಗೆ ಹೋಗಿದ್ದಾಗ ಅಂಗಳ ಪೂರ್ತಿ ಕಾಣುವಂತೆ ಒಂದು ಕ್ಯಾಮೆರಾ ಹಾಕಿಸಿದೆ. ಬೆಲೆ 2,799 ರೂಪಾಯಿ, ಮೆಮೊರಿ ಕಾರ್ಡ್ ಬೇರೆ. ಡಬ್ಬಿಯ ಮೇಲೆ ಕೋಲು ಹಿಡಿದು ನಗುತ್ತಿರುವ ಅಜ್ಜಿಯ ಚಿತ್ರ, ಪಕ್ಕದಲ್ಲಿ ಕೃತಕ ಬುದ್ಧಿಮತ್ತೆಯಿಂದ ಮನುಷ್ಯರನ್ನು ಗುರುತಿಸುತ್ತದೆ ಎಂಬ ಸಾಲು. ಇಂಟರ್ನೆಟ್ ಕೇಬಲ್ ಎಳೆಯುವ ಹುಡುಗನೇ ಬಂದು ಗೋಡೆಗೆ ಹಾಕಿ, ತನ್ನ ಮೊಬೈಲಿನಲ್ಲಿ ಏನೇನೋ ಒತ್ತಿ, ನನ್ನ ಮೊಬೈಲಿನಲ್ಲೂ ಅಂಗಳ ಕಾಣುವಂತೆ ಮಾಡಿಕೊಟ್ಟ. ಕಾಫಿ ಕುಡಿದು ಹೋದ.

ಮೊದಲ ವಾರ ಮೊಬೈಲ್ ಬಾಯಿ ಮುಚ್ಚಲಿಲ್ಲ. ನಾಯಿ ಹಾದರೆ ಸದ್ದು, ತೆಂಗಿನ ಗರಿ ಅಲುಗಿದರೆ ಸದ್ದು, ಒಣಹಾಕಿದ ಸೀರೆ ಹಾರಿದರೆ ಸದ್ದು. ಏನೇ ಅಲುಗಿದರೂ ಎಚ್ಚರಿಸುವುದನ್ನು ನಿಲ್ಲಿಸಿ, ಮನುಷ್ಯರನ್ನು ಕಂಡಾಗ ಮಾತ್ರ ಎಚ್ಚರಿಸು ಎಂದು ಬದಲಿಸಿದೆ. ಆಮೇಲೆ ಬಹಳ ಹಿತವಾಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಅಮ್ಮ ಹರವಿದ ಅಡಿಕೆಗೆ ಕೈಯಾಡಿಸಲು ಅಂಗಳಕ್ಕೆ ಇಳಿಯುತ್ತಿದ್ದಳು, ನನ್ನ ಮೊಬೈಲ್ ಒಮ್ಮೆ ಟಿಣ್ ಎನ್ನುತ್ತಿತ್ತು. ಕಚೇರಿಯಲ್ಲಿ ಕೂತು ಅರ್ಧ ನಿಮಿಷ ನೋಡುತ್ತಿದ್ದೆ. ಹಾಗೆಯೇ ಅಭ್ಯಾಸವಾಗಿಬಿಟ್ಟಿತು.

2025ರ ಜನವರಿ ನಡುವಿನಿಂದ ಆ ಟಿಣ್ ನಿಂತಿತು. ಕಚೇರಿಯಲ್ಲಿ ಲೆಕ್ಕಪತ್ರದ ಗಡಿಬಿಡಿ. ಸದ್ದಿಲ್ಲವೆಂದರೆ ಎಲ್ಲ ಸರಿಯಾಗಿಯೇ ಇದೆ ಎಂದುಕೊಂಡೆ. ಹನ್ನೊಂದನೆಯ ದಿನ ಸಂಜೆ ಪಕ್ಕದ ಮನೆಯ ಅಣ್ಣನ ಫೋನು. ಅಮ್ಮ ಅಂಗಳದ ಮೆಟ್ಟಿಲಲ್ಲಿ ಜಾರಿ, ಏಳಲಾಗದೆ ಒಂದೂವರೆ ಗಂಟೆ ಅಲ್ಲೇ ಕೂತಿದ್ದಳಂತೆ. ಹಾಲು ಕೊಡಲು ಬಂದವರು ನೋಡಿದ್ದು. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳ ಮುಖ ನೋಡಿದಾಗ ಅವಳು ಕೇಳಿದ್ದು ಒಂದೇ: “ಅದು ನನ್ನನ್ನು ನೋಡುತ್ತಲೇ ಇತ್ತಲ್ಲ ಕೂಸೇ, ನಿನಗೆ ಹೇಳಲಿಲ್ಲವೇ?”

ಹೇಳಿರಲಿಲ್ಲ. ಏಕೆಂದರೆ ಮನುಷ್ಯರನ್ನು ಗುರುತಿಸುವ ಕೆಲಸ ನಡೆಯುತ್ತಿದ್ದದ್ದು ಗೋಡೆಯ ಮೇಲಿನ ಕ್ಯಾಮೆರಾದಲ್ಲಲ್ಲ, ಎಲ್ಲೋ ಇರುವ ಕಂಪನಿಯ ಸರ್ವರಿನಲ್ಲಿ. ಅದು ಮೊದಲ ವರ್ಷಕ್ಕಷ್ಟೇ ಉಚಿತ, ಆಮೇಲೆ ತಿಂಗಳ ಚಂದಾ ಕಟ್ಟಬೇಕು. ವರ್ಷ ತುಂಬಿದ ದಿನ ಅದು ನಿಂತಿದೆ. ಉಳಿದಿದ್ದ ಇನ್ನೊಂದು ಎಚ್ಚರಿಕೆಯನ್ನು ನಾನೇ ನಿಲ್ಲಿಸಿದ್ದೆನಲ್ಲ, ಹಾಗಾಗಿ ಕ್ಯಾಮೆರಾ ಪೂರ್ತಿ ಮೂಕವಾಯಿತು. ನನ್ನ ಪರದೆಯಲ್ಲಿ ಮಾತ್ರ ಮನುಷ್ಯರನ್ನು ಕಂಡಾಗ ಎಚ್ಚರಿಸುವ ಗುಂಡಿ ಹಸಿರಾಗಿಯೇ ಉರಿಯುತ್ತಿತ್ತು.

ನೋಟಿಸ್ ಕೊಟ್ಟಿದ್ದೆವು ಎಂದಿತು ಕಂಪನಿ. ಹೌದು, ಮೂರು ಸಲ ಕೊಟ್ಟಿದ್ದರು, ಮಾಲೀಕರಿಗೆ. ಮಾಲೀಕ ಆ ಕೇಬಲ್ ಹುಡುಗ! ಹಾಕುವಾಗ ತನ್ನ ನಂಬರಿನಲ್ಲೇ ನೋಂದಾಯಿಸಿಕೊಂಡು, ನನ್ನನ್ನು ನೋಡಲು ಅನುಮತಿ ಪಡೆದ ಅತಿಥಿಯನ್ನಾಗಿ ಸೇರಿಸಿದ್ದ. ಒಂದು ವರ್ಷ ನಮ್ಮ ಅಂಗಳವನ್ನು, ಅಲ್ಲಿ ಆಡಿದ ಮಾತನ್ನು ಅವನು ಬೇಕೆಂದಾಗ ನೋಡಬಹುದಿತ್ತು, ಕೇಳಬಹುದಿತ್ತು.

ಬಿಸ್ಕತ್ತಿನ ಪೊಟ್ಟಣವನ್ನೂ ಹಿಂದುಮುಂದು ಓದದೆ ಕೊಳ್ಳದವಳು ನಾನು. ಹಸಿರು ಚುಕ್ಕೆ ನೋಡುತ್ತೇನೆ, ಸಕ್ಕರೆ ಎಷ್ಟೆಂದು ನೋಡುತ್ತೇನೆ. ಫ್ರಿಜ್ ಕೊಂಡಾಗ ವರ್ಷಕ್ಕೆ ಎಷ್ಟು ಯೂನಿಟ್ ಎಂದು ನಕ್ಷತ್ರದ ಚೀಟಿಯಲ್ಲಿ ಓದಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಅಟ್ಟದಿಂದ ಕ್ಯಾಮೆರಾ ಡಬ್ಬಿ ಇಳಿಸಿ ಆರೂ ಬದಿ ಓದಿದೆ. ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ತಯಾರಾದ ದೇಶ, ದೂರು ಹೇಳುವ ನಂಬರ್, ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು. ಕಾನೂನು ಕೇಳುವುದೆಲ್ಲ ಇತ್ತು. ಆ ಗುರುತಿನ ಮಾನಕ ಮುಖ್ಯವಾಗಿ ನೋಡುವುದು ಶಾಕ್ ಹೊಡೆಯಬಾರದು, ಬೆಂಕಿ ಹೊತ್ತಬಾರದು ಎಂಬುದನ್ನು. ಯಾವ ಸೌಲಭ್ಯ ಎಂದು ಸಾಯುತ್ತದೆ, ಚಿತ್ರ ಎಲ್ಲಿಗೆ ಹೋಗುತ್ತದೆ, ಇಂಟರ್ನೆಟ್ ಇಲ್ಲದಾಗ ಏನು ಉಳಿಯುತ್ತದೆ ಎಂಬುದರ ಸುದ್ದಿಯೇ ಇಲ್ಲ. ಅದೆಲ್ಲ ಆ್ಯಪಿನ ಷರತ್ತುಗಳಲ್ಲಿತ್ತು. ಒಪ್ಪಿದೆ ಎಂದು ಒತ್ತಿದ್ದೂ ನಾನಲ್ಲ, ಆ ಹುಡುಗ.

ಬೇರೆ ಕಡೆ ಇದಕ್ಕೂ ಚೀಟಿ ಅಂಟಿಸಲು ಹೊರಟು ವರ್ಷಗಳಾಗಿವೆ. ಫಿನ್ಲೆಂಡ್ 2019ರಲ್ಲಿ, ಸಿಂಗಪುರ 2020ರಲ್ಲಿ ಇಂತಹ ಸಾಧನಗಳಿಗೆ ಸೈಬರ್ ಭದ್ರತೆಯ ಲೇಬಲ್ ತಂದವು. ಸಿಂಗಪುರದ್ದರಲ್ಲಿ ನಾಲ್ಕು ಹಂತಗಳಿವೆ, ನಮ್ಮ ಫ್ರಿಜ್ಜಿನ ನಕ್ಷತ್ರಗಳ ಹಾಗೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಭದ್ರತಾ ಅಪ್‌ಡೇಟ್ ಎಷ್ಟು ಕಾಲ ಕೊಡುತ್ತೇವೆ ಎಂದು ತಯಾರಕರು ಪ್ರಕಟಿಸಲೇಬೇಕು, ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಇಡುವಂತಿಲ್ಲ. ನಮ್ಮಲ್ಲೂ 2025ರ ಏಪ್ರಿಲ್ 9ರಿಂದ ಸಿಸಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಇವೆಲ್ಲ ಕಳ್ಳ ಒಳನುಗ್ಗದಂತೆ ಕಾಯುವ ಏರ್ಪಾಡುಗಳು. ಮನುಷ್ಯರನ್ನು ಗುರುತಿಸುವ ಅಲ್ಗಾರಿದಂ ಎಷ್ಟು ಸಲ ತಪ್ಪುತ್ತದೆ, ದುಡ್ಡು ಕಟ್ಟದಿದ್ದರೆ ಯಾವ ಕಣ್ಣು ಮುಚ್ಚುತ್ತದೆ ಎಂಬುದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರುವವರೆಗೆ ನಾವೇ ಬಾಯಿಬಿಟ್ಟು ಕೇಳಬೇಕು.

ಅಂಗಡಿಯಲ್ಲೇ ಕೇಳಿ: ಒಂದು ವರ್ಷದ ನಂತರ ದುಡ್ಡಿಲ್ಲದೆ ಏನೇನು ನಡೆಯುತ್ತದೆ? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅದೇ ಉತ್ತರ. ಡಬ್ಬಿಯ ಕ್ಯೂಆರ್ ಕೋಡನ್ನು ನಿಮ್ಮ ಮೊಬೈಲಿನಿಂದಲೇ ಸ್ಕ್ಯಾನ್ ಮಾಡಿ, ಹಾಕಲು ಬಂದವರ ಮೊಬೈಲಿನಿಂದ ಬೇಡವೇ ಬೇಡ. ಹಾಕಿದ ದಿನ ಮನೆಯ ಇಂಟರ್ನೆಟ್ ಆರಿಸಿ ಕಾರ್ಡಿನಲ್ಲಿ ಚಿತ್ರ ಉಳಿಯುತ್ತದೆಯೇ ನೋಡಿ. ತಿಂಗಳಿಗೊಮ್ಮೆ ಮನೆಯವರನ್ನು ಅಂಗಳದಲ್ಲಿ ಅಡ್ಡಾಡಲು ಹೇಳಿ, ಮೊಬೈಲ್ ಕೂಗುತ್ತದೆಯೇ ಪರೀಕ್ಷಿಸಿ. ನಾನು ಇದೊಂದನ್ನು ಮಾಡಿದ್ದರೂ ಸಾಕಿತ್ತು.

ಕಂಪನಿ ಮೂರು ತಿಂಗಳ ಚಂದಾ ಉಚಿತ ಕೊಡುತ್ತೇನೆ ಎಂದಿತು, ಬೇಡವೆಂದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ, ನಾವಿರುವ ಊರಿನಲ್ಲೇ ದೂರು ಹಾಕಬಹುದು. ಅಮ್ಮನ ತೀರ್ಪು ಆಗಲೇ ಆಗಿದೆ: ಕ್ಯಾಮೆರಾಕ್ಕೆ ಅಡಿಕೆ ಹಾಳೆಯ ಟೋಪಿ ಮುಚ್ಚಿದ್ದಾಳೆ.

ಕೇಬಲ್ ಹುಡುಗನನ್ನು ಬೈಯಲೆಂದೇ ಕರೆಸಿದ್ದೆ. ಬೈಯಲಾಗಲಿಲ್ಲ. “ಎಲ್ಲರ ಮನೆಯಲ್ಲೂ ಹೀಗೆಯೇ ಮಾಡುವುದು ಅಕ್ಕಾ, ಹಿರಿಯರಿಗೆ ಓಟಿಪಿ ಹೇಳಲು ಬರುವುದಿಲ್ಲವಲ್ಲ” ಎಂದ. ನನ್ನೆದುರೇ ನಮ್ಮ ಕ್ಯಾಮೆರಾವನ್ನು ತನ್ನ ಮೊಬೈಲಿನಿಂದ ಅಳಿಸಿದ. ಅಳಿಸಿದ ಮೇಲೆ ಪಟ್ಟಿ ಒಂದು ಸಾಲು ಮೇಲೆ ಸರಿಯಿತು. ಅದರಲ್ಲಿ ಇನ್ನೂ ಹದಿನಾಲ್ಕು ಮನೆಗಳಿದ್ದವು.