ಹಳೆಯ ಪುಸ್ತಕದಂಗಡಿಯಲ್ಲಿ ಅರೋಮೇನಿಯನ್ ಗಣ್ಯರು

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರವಿರುವ ಈ ಹಳೆಯ ಪುಸ್ತಕದಂಗಡಿಗೆ ಹೆಚ್ಚಿನವರು ಪಠ್ಯಪುಸ್ತಕಗಳಿಗಾಗಿ ಬರುತ್ತಾರಾದರೂ, ಒಳಕೋಣೆಯ ಇತಿಹಾಸದ ಕಪಾಟನ್ನು ನೋಡದೆ ಹೊರಡಬಾರದು. ಆಗ್ನೇಯ ಯುರೋಪಿನ ಬಾಲ್ಕನ್ ಪ್ರದೇಶದಲ್ಲಿ ಕುರಿ ಮೇಯಿಸುತ್ತ, ಸರಕು ಸಾಗಿಸುತ್ತ ಬಾಳಿದ ಅರೋಮೇನಿಯನ್ ಸಮುದಾಯದ ಗಣ್ಯರನ್ನು ಕುರಿತ ಪುಸ್ತಕಗಳು ನನಗೆ ದೊರೆತದ್ದು ಅಲ್ಲಿಯೇ.

ಅವುಗಳಲ್ಲಿ ಮನಾಕಿ ಸಹೋದರರ ಚಿತ್ರಸಂಪುಟವೇ ಶ್ರೇಷ್ಠ. ಅವ್ದೆಲಾ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದ ಯಾನಾಕಿ ಮತ್ತು ಮಿಲ್ಟನ್, ಮುಂದೆ ಇಂದಿನ ಉತ್ತರ ಮ್ಯಾಸಿಡೋನಿಯಾದ ಬಿತೋಲಾ ನಗರದಲ್ಲಿ ಸ್ಟುಡಿಯೋ ತೆರೆದು, ಬಾಲ್ಕನ್ನಿನ ಮೊದಲ ಚಲನಚಿತ್ರಕಾರರಲ್ಲಿ ಎಣಿಕೆಯಾದವರು. ತಮ್ಮ ಅಜ್ಜಿ ಉಣ್ಣೆ ನೂಲುವುದನ್ನು ಅವರು ಚಿತ್ರೀಕರಿಸಿದ್ದರು. ಆ ದೃಶ್ಯದ ಪುಟವನ್ನು ನೋಡಿದಾಗ, ಕಂಬಳಿಗೆ ನೂಲು ತೆಗೆಯುವ ನಮ್ಮ ಕುರುಬರ ಅಜ್ಜಿಯರೇ ಕಣ್ಣೆದುರು ಕುಳಿತಂತಾಯಿತು. 1911ರಲ್ಲಿ ಒಟ್ಟೋಮನ್ ಸುಲ್ತಾನ ಐದನೆಯ ಮೆಹಮದ್ ಬಿತೋಲಾಕ್ಕೆ ಬಂದದ್ದನ್ನೂ ಅವರು ಸೆರೆಹಿಡಿದಿದ್ದಾರೆ.

1896ರ ಒಲಿಂಪಿಕ್ಸ್‌ಗಾಗಿ ಅಥೆನ್ಸ್‌ನ ಅಮೃತಶಿಲೆಯ ಕ್ರೀಡಾಂಗಣದ ಜೀರ್ಣೋದ್ಧಾರಕ್ಕೆ ಹಣ ಕೊಟ್ಟ, ಗ್ರೀಸಿನ ಮೆತ್ಸೊವೊ ಊರಿನ ವರ್ತಕ ಜಾರ್ಜಿಯೋಸ್ ಅವೆರೋಫ್, ಸರ್ಬಿಯಾದ ನಾಟಕಕಾರ ಬ್ರಾನಿಸ್ಲಾವ್ ನುಶಿಚ್, ಇಂದಿನ ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಪ್ರಾಂತ್ಯದ ಧರ್ಮಗುರು ಆಂದ್ರೇ ಶಗುನಾ ಇವರ ಕುರಿತ ಬರಹಗಳೂ ಇನ್ನೊಂದು ಸಂಪುಟದಲ್ಲಿವೆ. ಒಬ್ಬೊಬ್ಬರನ್ನು ಒಂದೊಂದು ದೇಶ ತನ್ನವರೆಂದು ಹೆಮ್ಮೆಪಡುವಾಗ ಅವರ ಮೂಲ ಮರೆಯಾಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅಂಗಡಿಯ ಬೆಲೆ ನ್ಯಾಯವಾಗಿದೆ, ಮಾಲೀಕರು ಕೇಳಿದ ಪುಸ್ತಕವನ್ನು ತಾಳ್ಮೆಯಿಂದ ಹುಡುಕಿಕೊಡುತ್ತಾರೆ. ಆದರೆ ಮಳೆಗಾಲದ ತೇವಕ್ಕೆ ಕೆಳಗಿನ ಸಾಲಿನ ಪುಸ್ತಕಗಳಿಗೆ ಬೂಷ್ಟು ಹಿಡಿದಿರುವುದರಿಂದ, ಕೊಳ್ಳುವ ಮೊದಲು ಪುಟಗಳನ್ನು ಬಿಡಿಸಿ ನೋಡುವುದು ಒಳಿತು.