ಕೋ-ಐಪಿಯೋ ಪಿಎಲ್‌ಎಯೋ: ಸಂವೇದಿ ನರಕೋಶದಲ್ಲಿ ಡಿಸ್ಟೋನಿನ್‌ನ ಜೊತೆಗಾರನನ್ನು ಹುಡುಕಲು ಯಾವುದು ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಿಎಲ್‌ಎಗೆ, ಅಂದರೆ ಪ್ರಾಕ್ಸಿಮಿಟಿ ಲೈಗೇಶನ್‌ಗೆ. ಎರಡು ಪ್ರೋಟೀನ್‌ಗಳು ಹತ್ತಿರ ಇದ್ದಲ್ಲಿ ಕೋಶದೊಳಗೇ ಹೊಳೆಯುವ ಚುಕ್ಕೆ ಮೂಡಿಸುವ ವಿಧಾನ ಅದು. ಕೋ-ಐಪಿ, ಅಂದರೆ ಕೋ-ಇಮ್ಯುನೋಪ್ರೆಸಿಪಿಟೇಶನ್, ಕೋಶಗಳನ್ನು ಒಡೆದು ಒಂದು ಪ್ರೋಟೀನನ್ನು ಆಂಟಿಬಾಡಿಯಿಂದ ಹಿಡಿದೆಳೆದು ಅದರ ಜೊತೆ ಅಂಟಿ ಬಂದದ್ದನ್ನು ನೋಡುವ ವಿಧಾನ. ಅದು ಕೆಟ್ಟ ವಿಧಾನವೇನಲ್ಲ, ಆದರೆ ಡಿಆರ್‌ಜಿ ಗ್ಯಾಂಗ್ಲಿಯಾನ್‌ಗಳಿಗೆ (ಬೆನ್ನುಹುರಿಯ ಪಕ್ಕದ ಸಂವೇದಿ ನರಕೋಶಗಳ ಗಂಟುಗಳಿಗೆ) ಒಗ್ಗುವುದಿಲ್ಲ.

ಡಿಸ್ಟೋನಿನ್‌-ಎ2 ಮತ್ತು ಮ್ಯಾಪ್‌1ಬಿ ಜೋಡಿಯನ್ನೇ ತೆಗೆದುಕೊಳ್ಳಿ. ಮೊದಲನೆಯದು ಕೋಶದ ಅಸ್ಥಿಪಂಜರವನ್ನು ಬೆಸೆಯುವ ದೈತ್ಯ ಪ್ರೋಟೀನ್ ಡಿಸ್ಟೋನಿನ್‌ನ ಒಂದು ರೂಪ; ಎರಡನೆಯದು ಕೋಶದೊಳಗಿನ ಟ್ಯೂಬ್ಯುಲಿನ್ ಕೊಳವೆಗಳಿಗೆ, ಅಂದರೆ ಮೈಕ್ರೋಟ್ಯೂಬ್ಯೂಲ್‌ಗಳಿಗೆ, ಅಂಟುವ ಪ್ರೋಟೀನ್. ಇವೆರಡರ ನಂಟು ತಪ್ಪಿದರೆ ಮೈಕ್ರೋಟ್ಯೂಬ್ಯೂಲ್‌ಗಳ ಗಟ್ಟಿತನ ಕುಗ್ಗುತ್ತದೆ. ಡಿಎಸ್‌ಟಿ (ಡಿಸ್ಟೋನಿನ್‌ನ) ಜೀನ್ ಕೆಟ್ಟ ಡಿಸ್ಟೋನಿಯಾ ಮಸ್ಕ್ಯುಲೋರಮ್ ಇಲಿಮರಿಗಳಲ್ಲಿ ಸಂವೇದಿ ನರಕೋಶಗಳು ನಶಿಸುತ್ತವೆ. ಎರಡನೇ ವಾರದ ಹೊತ್ತಿಗೆ ಮರಿಗಳು ತೂರಾಡತೊಡಗುತ್ತವೆ. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಬರುವುದು ಆನುವಂಶಿಕ ಸಂವೇದಿ ನರರೋಗದ ಆರನೇ ಬಗೆ.

ಒಂದು ಕೋ-ಐಪಿಗೆ 500 ಮೈಕ್ರೋಗ್ರಾಂನಿಂದ 1 ಮಿಲಿಗ್ರಾಂ ಪ್ರೋಟೀನ್ ಹಾಕುವುದು ವಾಡಿಕೆ. ಗ್ಯಾಂಗ್ಲಿಯಾನ್‌ಗಳೋ ಸಾಸಿವೆ ಕಾಳಿಗಿಂತ ಚಿಕ್ಕವು. ಮೇಲಾಗಿ ರೋಗ ರಿಸೆಸಿವ್ (ಜೀನ್‌ನ ಎರಡೂ ಪ್ರತಿ ಕೆಟ್ಟರಷ್ಟೇ ಬರುವಂಥದ್ದು), ಸೂಲಿನಲ್ಲಿ ಸರಾಸರಿ ನಾಲ್ಕರಲ್ಲಿ ಒಂದೇ ಮರಿ ಮ್ಯುಟೆಂಟ್. ಹಲವು ಸೂಲುಗಳ ಗ್ಯಾಂಗ್ಲಿಯಾನ್ ಒಟ್ಟುಗೂಡಿಸಿದರೂ ಆ ಲೈಸೇಟ್‌ನಲ್ಲಿ (ಒಡೆದ ಕೋಶಗಳ ರಸದಲ್ಲಿ) ನರಕೋಶಕ್ಕೆ ಆಸರೆಯಾದ ಶ್ವಾನ್ ಕೋಶಗಳೂ ಸ್ಯಾಟಲೈಟ್ ಗ್ಲಿಯಾಗಳೂ ಕಲಸಿಕೊಂಡಿರುತ್ತವೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಜೆಲ್‌ನಲ್ಲಿ 50 ಕಿಲೋಡಾಲ್ಟನ್ (ಪ್ರೋಟೀನ್ ಗಾತ್ರದ ಅಳತೆ) ಜಾಗದ ಜಗಳ. ಆಂಟಿಬಾಡಿ ಹೊತ್ತ ಬೀಡ್‌ಗಳನ್ನು (ಪುಟ್ಟ ಮಣಿಗಳನ್ನು) ಎಸ್‌ಡಿಎಸ್ ಎಂಬ ಮಾರ್ಜಕದ ಬಫರ್‌ನಲ್ಲಿ ಕುದಿಸಿದಾಗ ಹಿಡಿದ ಪ್ರೋಟೀನ್ ಜೊತೆ ಆಂಟಿಬಾಡಿಯ ಹೆವಿ ಚೈನ್ ಕೂಡ ಕಳಚಿ ಬರುತ್ತದೆ. ಅದು ಕೂರುವುದು ಸುಮಾರು 50ರ ಹತ್ತಿರ. ಟ್ಯೂಬ್ಯುಲಿನ್ ಕೂರುವುದೂ ಅಲ್ಲೇ. ಮೈಕ್ರೋಟ್ಯೂಬ್ಯೂಲ್‌ಗೆ ಅಂಟುವ ಇನ್ನೊಂದು ಪ್ರೋಟೀನ್ ಟೌವಿನ ಕೆಲವು ರೂಪಗಳೂ ಅಲ್ಲೇ ಆಸುಪಾಸು. ಬ್ಲಾಟ್‌ನಲ್ಲಿ (ಜೆಲ್‌ನಿಂದ ಪೊರೆಗೆ ಇಳಿಸಿ ಆಂಟಿಬಾಡಿಯಿಂದ ಗುರುತಿಸಿದಲ್ಲಿ) ದಪ್ಪ ಬ್ಯಾಂಡ್ ಕಂಡು ಖುಷಿಪಟ್ಟರೆ, ಅದು ನೀವೇ ಹಾಕಿದ ಆಂಟಿಬಾಡಿ.

ದಾರಿಗಳಿವೆ. ಐಪಿಗೆ ಮೊಲದ ಆಂಟಿಬಾಡಿ, ಬ್ಲಾಟ್‌ಗೆ ಇಲಿಯದು ಎಂದು ಬೇರೆ ಮಾಡಬಹುದು. ಲೈಟ್ ಚೈನ್ ಮಾತ್ರ ಗುರುತಿಸುವ ಸೆಕೆಂಡರಿ (ಮೊದಲ ಆಂಟಿಬಾಡಿಯನ್ನು ಹಿಡಿಯುವ ಎರಡನೇ ಆಂಟಿಬಾಡಿ) ಹಾಕಿದರೆ ಗದ್ದಲ 25 ಕಿಲೋಡಾಲ್ಟನ್‌ಗೆ ಇಳಿಯುತ್ತದೆ, ಆದರೆ ಆಗ 30ರ ಆಚೀಚೆ ಓಡುವ ಮ್ಯಾಪ್‌1ಬಿಯ ಸ್ವಂತ ಲೈಟ್ ಚೈನ್ ಮೇಲೆ ಕಣ್ಣಿಡಬೇಕು. ಡಿಎಂಪಿ ಎಂಬ ಬೆಸುಗೆಯ ರಾಸಾಯನಿಕ ಹಾಕಿ ಆಂಟಿಬಾಡಿಯನ್ನು ಬೀಡ್‌ಗೆ ಬೆಸೆಯುವುದು ಇನ್ನೂ ಒಳ್ಳೆಯದು. ಬೆಸುಗೆಯಲ್ಲಿ ಕೆಲವು ಆಂಟಿಬಾಡಿಗಳ ಹಿಡಿತ ಸಡಿಲವಾಗುತ್ತದೆ ಅಷ್ಟೆ.

ಅಷ್ಟಾದ ಮೇಲೆ ಐಸಿನ ಸಮಸ್ಯೆ. ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್‌ಗಳ ಭಯಕ್ಕೆ ಎಲ್ಲವನ್ನೂ 4 ಡಿಗ್ರಿಯಲ್ಲಿ ಮಾಡುತ್ತೇವೆ. ಆ ಚಳಿಗೆ ಮೈಕ್ರೋಟ್ಯೂಬ್ಯೂಲ್‌ಗಳು ಬಿಚ್ಚಿಕೊಳ್ಳುತ್ತವೆ, ಚಳಿ ತಡೆಯುವ ಒಂದು ಪಾಲು ಮಾತ್ರ ಉಳಿಯುತ್ತದೆ. ಬಿಡಿ ಟ್ಯೂಬ್ಯುಲಿನ್ ಬೀಡ್‌ಗೆ ಅಂಟುತ್ತದೆ, ಖಾಲಿ ಐಜಿಜಿ ಕಂಟ್ರೋಲ್‌ನಲ್ಲೂ (ಗುರಿಯಿಲ್ಲದ ಆಂಟಿಬಾಡಿ ಹಾಕಿದಲ್ಲೂ) ಕಾಣುತ್ತದೆ. 10 ಮೈಕ್ರೋಮೋಲಾರ್ ಟ್ಯಾಕ್ಸಾಲ್ ಮತ್ತು 1 ಮಿಲಿಮೋಲಾರ್ ಜಿಟಿಪಿ ಹಾಕಿ ಬೆಚ್ಚಗೆ ಮಾಡಿದರೆ ಕೊಳವೆಗಳು ಉಳಿಯುತ್ತವೆ, ಆದರೆ ಒಂದೇ ಕೊಳವೆ ಹಿಡಿದ ಅಪರಿಚಿತರೂ ಜೊತೆಯಲ್ಲೇ ಎಳೆದುಕೊಂಡು ಬರುತ್ತಾರೆ. ಅತ್ತ ದರಿ, ಇತ್ತ ಪುಲಿ. ಡಿಸ್ಟೋನಿನ್‌ನ ದೈತ್ಯ ಗಾತ್ರಕ್ಕೆ 3ರಿಂದ 8 ಶೇಕಡದ ಟ್ರಿಸ್-ಅಸಿಟೇಟ್ ಜೆಲ್, ರಾತ್ರಿಯಿಡೀ ವೆಟ್ ಟ್ರಾನ್ಸ್‌ಫರ್ ಬೇರೆ.

ಪಿಎಲ್‌ಎಯಲ್ಲಿ ಒಂದು ಕವರ್‌ಸ್ಲಿಪ್ ಮೇಲೆ ಬೆಳೆಸಿದ ಕೋಶಗಳ ಕಲ್ಚರ್ ಸಾಕು. ತಣ್ಣಗಿನ ಪಿಬಿಎಸ್ ಉಪ್ಪುದ್ರಾವಣದಿಂದ ತೊಳೆಯಬೇಡಿ. 37 ಡಿಗ್ರಿಯ 4 ಶೇಕಡ ಪಿಎಫ್‌ಎಯನ್ನು (ಕೋಶವನ್ನು ಇದ್ದಂತೆಯೇ ಫಿಕ್ಸ್ ಮಾಡುವ ದ್ರಾವಣವನ್ನು) ನೇರವಾಗಿ ಹಾಕಿ, 15 ನಿಮಿಷ ಬಿಡಿ. ಎರಡು ಬೇರೆ ಪ್ರಾಣಿಗಳ ಪ್ರೈಮರಿಗಳು, ಅಂದರೆ ಪ್ರೋಟೀನನ್ನೇ ಹಿಡಿಯುವ ಆಂಟಿಬಾಡಿಗಳು, ರಾತ್ರಿಯಿಡೀ. ಮರುದಿನ 37 ಡಿಗ್ರಿಯಲ್ಲಿ ಪ್ರೋಬ್ (ಡಿಎನ್‌ಎ ತುಣುಕು ಕಟ್ಟಿದ ಸೆಕೆಂಡರಿ) ಒಂದು ಗಂಟೆ, ಆ ತುಣುಕುಗಳನ್ನು ಬೆಸೆಯುವ ಲೈಗೇಸ್ 30 ನಿಮಿಷ, ಬೆಸೆದದ್ದನ್ನು ಹಿಗ್ಗಿಸಿ ಚುಕ್ಕೆ ಮಾಡುವ ಪಾಲಿಮರೇಸ್ 100 ನಿಮಿಷ. ರಿಯಾಕ್ಷನ್ ಮಿಶ್ರಣ ಚದರ ಸೆಂಟಿಮೀಟರಿಗೆ 40 ಮೈಕ್ರೋಲೀಟರ್. ದುಬಾರಿ ಕಿಟ್ ಎಂದು ಅರ್ಧಕ್ಕಿಳಿಸಿದರೆ ಅಂಚು ಒಣಗಿ ಅಲ್ಲೆಲ್ಲ ಸುಳ್ಳು ಚುಕ್ಕೆಗಳ ರಂಗೋಲಿ. ನರಕೋಶವನ್ನು ಗುರುತಿಸುವ, ಕೋಳಿಯಿಂದ ತೆಗೆದ ಬೀಟಾ-3 ಟ್ಯೂಬ್ಯುಲಿನ್ ಆಂಟಿಬಾಡಿಯನ್ನು ಮೂರನೆಯದಾಗಿ ಹಾಕಿದರೆ ಗ್ಲಿಯಾ ಗೊಂದಲ ಮುಗಿಯಿತು.

ಪಿಎಲ್‌ಎಯ ಕುಂದು ಅಂತರದ ವಿಷಯದ್ದು. ಎರಡು ಪ್ರೋಟೀನ್‌ಗಳು ಸುಮಾರು 40 ನ್ಯಾನೋಮೀಟರ್ ಒಳಗಿದ್ದರೆ ಚುಕ್ಕೆ ಬೀಳುತ್ತದೆ, ಮುಟ್ಟಿರಲೇಬೇಕೆಂದಿಲ್ಲ. ಮೈಕ್ರೋಟ್ಯೂಬ್ಯೂಲ್‌ನ ವ್ಯಾಸವೇ 25 ನ್ಯಾನೋಮೀಟರ್. ಕೊಳವೆಯ ಈ ಬದಿ ಒಬ್ಬ, ಆ ಬದಿ ಒಬ್ಬ ಕೂತಿದ್ದರೂ ಚುಕ್ಕೆಯೇ. ಹಾಗಾಗಿ ಒಂದೊಂದೇ ಪ್ರೈಮರಿಯ ಕಂಟ್ರೋಲ್ ಸಾಲದು; ಅದೇ ಕೊಳವೆಗೆ ಅಂಟುವ, ಆದರೆ ಸಂಬಂಧವಿಲ್ಲದ ಪ್ರೋಟೀನ್ ಜೊತೆಗೂ ಮ್ಯಾಪ್‌1ಬಿಯನ್ನು ಜೋಡಿಸಿ ಎಣಿಸಬೇಕು. ಮ್ಯುಟೆಂಟ್‌ ಅನ್ನು ಕಂಟ್ರೋಲ್ ಮಾಡುವುದಾದರೆ ಆಂಟಿಬಾಡಿ ಹಿಡಿಯುವ ತುಣುಕು ಆ ಮ್ಯುಟೆಂಟ್‌ನಲ್ಲಿ ನಿಜಕ್ಕೂ ಇಲ್ಲವೇ ಎಂದು ಖಚಿತಮಾಡಿಕೊಳ್ಳಿ.

ನಶಿಸುತ್ತಿರುವ ಆಕ್ಸಾನ್‌ನಲ್ಲಿ (ನರಕೋಶದ ಉದ್ದ ಎಳೆಯಲ್ಲಿ) ಎರಡು ವಿಧಾನಗಳೂ ಮೋಸ ಮಾಡುತ್ತವೆ. ಕ್ಯಾಲ್ಸಿಯಂ ಒಳನುಗ್ಗಿ ಕ್ಯಾಲ್ಪೇನ್ ಎಂಬ ಪ್ರೋಟಿಯೇಸ್ ಎದ್ದಿತೆಂದರೆ ಸ್ಪೆಕ್ಟ್ರಿನ್, ನ್ಯೂರೋಫಿಲಮೆಂಟ್‌ನಂಥ ಅಸ್ಥಿಪಂಜರ ಪ್ರೋಟೀನ್ ಎಲ್ಲ ತುಂಡು; ಕೋ-ಐಪಿಯಲ್ಲಿ ಬ್ಯಾಂಡ್ ಮಾಯವಾದದ್ದು ನಂಟು ಕಳಚಿದ್ದಕ್ಕೋ ಪ್ರೋಟೀನೇ ತುಂಡಾದದ್ದಕ್ಕೋ ಎಂದು ಇನ್‌ಪುಟ್ ಲೇನ್ (ಐಪಿಗೆ ಮುಂಚಿನ ಲೈಸೇಟ್) ನೋಡದೆ ಹೇಳಲಾಗದು. ಪಿಎಲ್‌ಎಯಲ್ಲಿ ಆಕ್ಸಾನ್ ಮಣಿಮಣಿಯಾಗಿ ಊದಿಕೊಂಡಲ್ಲಿ ಚುಕ್ಕೆಗಳು ಗುಂಪುಗೂಡುತ್ತವೆ, ನಂಟು ಹೆಚ್ಚಿತೆಂದು ಭ್ರಮೆ ಬರುತ್ತದೆ. ಉದ್ದಕ್ಕೆ ಎಣಿಸದೆ ಟ್ಯೂಬ್ಯುಲಿನ್ ಬಣ್ಣ ಬಿದ್ದ ವಿಸ್ತೀರ್ಣಕ್ಕೆ ಎಣಿಸಿ, ಚೂರುಚೂರಾದ ಆಕ್ಸಾನ್‌ಗಳನ್ನು ಬಿಟ್ಟುಬಿಡಿ. ಎನ್‌ಜಿಎಫ್ (ನರಕೋಶವನ್ನು ಬದುಕಿಸುವ ಬೆಳವಣಿಗೆ ಪ್ರೋಟೀನ್) ತೆಗೆದ ಕಲ್ಚರ್ ಆದರೆ ಆಕ್ಸಾನ್ ಒಡೆಯುವ ಮುಂಚಿನ ಗಂಟೆಗಳಲ್ಲೇ ಫಿಕ್ಸ್ ಮಾಡುವುದು ಜಾಣತನ.

ನೇರವಾಗಿ ಅಂಟುತ್ತವೆಯೇ ಎಂಬ ಪ್ರಶ್ನೆಗೆ ಎರಡರಲ್ಲೂ ಉತ್ತರವಿಲ್ಲ, ಅದಕ್ಕೆ ಶುದ್ಧೀಕರಿಸಿದ ತುಣುಕುಗಳೇ ಬೇಕು. ಮರಿಗಳು ಕಡಿಮೆ, ಕಾನ್ಫೋಕಲ್ ಮೈಕ್ರೋಸ್ಕೋಪ್ ಕೈಗೆಟುಕುವಂತಿದೆ ಎಂದಾದರೆ ಕಿಟ್‌ಗೆ ದುಡ್ಡು ಹಾಕಿ. ಇಡೀ ಮಿದುಳಿನ ಲೈಸೇಟ್ ಧಾರಾಳವಾಗಿ ಸಿಗುವವರಿಗೆ ಕೋ-ಐಪಿಯೇ ಅಗ್ಗ. ಆದರೆ ಈ ಇಲಿಗಳಲ್ಲಿ ಮುಖ್ಯವಾಗಿ ಸಾಯುವುದು ಮಿದುಳಿನ ಕೋಶಗಳಲ್ಲ, ಗ್ಯಾಂಗ್ಲಿಯಾನ್‌ನವು.