ಸ್ಟೆನೋಸಿಸ್ ಇದ್ದವರಿಗೆ ಭುಜಂಗಾಸನ ಮಾಡಿಸಬೇಡಿ

ಸೊಂಟನೋವೆಂದು ಹೋದ ಅರವತ್ತು ದಾಟಿದ ಮಹಿಳೆಯೊಬ್ಬರ ಕೈಗೆ ಎಲ್ಲರಿಗೂ ಕೊಡುವ ಝೆರಾಕ್ಸ್ ಹಾಳೆಯೇ ಸಿಕ್ಕಿತು: ಬೆನ್ನನ್ನು ಹಿಂದಕ್ಕೆ ಬಾಗಿಸುವ ಭುಜಂಗಾಸನ, ಶಲಭಾಸನ, ದಿನಕ್ಕೆರಡು ಹೊತ್ತು. ಕಾಲು ಸೆಳೆತ ಹೆಚ್ಚಾಯಿತು ಎಂದಾಗ ‘ಮೊದಮೊದಲು ಹಾಗೇ, ಬಿಡಬೇಡಿ’ ಎಂಬ ಉತ್ತರ ಬಂತು. ಅವರು ಬಿಡಲಿಲ್ಲ. ಅಂಗಡಿಗೆ ನಡೆದು ಹೋಗಿ ಬರುತ್ತಿದ್ದವರು ಕೊನೆಗೆ ಗೇಟು ಮುಟ್ಟುವಷ್ಟರಲ್ಲಿ ಎರಡೂ ಕಾಲು ಜೋಮು ಹಿಡಿದು ಕೂರುವಂತಾಯಿತು. ಆ ಹಾಳೆ ಡಿಸ್ಕ್ ಜಾರಿದ ಕೆಲವರಿಗೆ ಸರಿಹೋಗುತ್ತದೆ. ಇವರಿಗಿದ್ದದ್ದು ಸೊಂಟದ ಸ್ಪೈನಲ್ ಸ್ಟೆನೋಸಿಸ್, ಅಂದರೆ ಬೆನ್ನುಮೂಳೆಯೊಳಗೆ ನರಗಳು ಸಾಗುವ ದಾರಿ ಇಕ್ಕಟ್ಟಾಗುವುದು.

ವಯಸ್ಸಾದಂತೆ ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ತಗ್ಗುತ್ತದೆ, ಹಿಂಬದಿಯ ಕೀಲುಗಳು ಊದುತ್ತವೆ, ನರಗಳ ಹಿಂದಿರುವ ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಪಟ್ಟಿ) ದಪ್ಪವಾಗುತ್ತದೆ. ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವೆ (ಎಲ್4-ಎಲ್5) ಇದು ಹೆಚ್ಚು. ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಆ ಲಿಗಮೆಂಟ್ ಮಡಚಿಕೊಂಡು ಒಳಕ್ಕೆ ಬರುವುದರಿಂದ ಮೊದಲೇ ಇಕ್ಕಟ್ಟಾದ ದಾರಿ ಇನ್ನಷ್ಟು ಕಿರಿದಾಗುತ್ತದೆ. ಮುಂದೆ ಬಾಗಿದರೆ ತುಸು ತೆರೆದುಕೊಳ್ಳುತ್ತದೆ. ನಿಂತರೆ, ನಡೆದರೆ ಕಾಲು ಭಾರ. ಕುಳಿತರೆ, ಮುಂದೆ ಬಾಗಿದರೆ ಹಾಯೆನಿಸುವುದು ಇದರಿಂದಲೇ. ಹೆಚ್ಚು ದೂರ ನಡೆಯಲಾಗದ ಹಲವರು ಮುಂದೆ ಬಾಗಿ ಸೈಕಲ್ ತುಳಿಯಬಲ್ಲರು. ಆದರೆ ಸುಮ್ಮನೆ ನಿಂತರೂ ಮೀನಖಂಡದ ನೋವು ಇಳಿಯುವುದಾದರೆ, ಅದರಲ್ಲೂ ಬೀಡಿ-ಸಿಗರೇಟು ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಅದು ರಕ್ತನಾಳದ ತೊಂದರೆ ಇರಬಹುದು, ಕಾಲಿನ ರಕ್ತನಾಳ ಪರೀಕ್ಷಿಸಿಕೊಳ್ಳಿ. ಎಂಆರ್‌ಐ ವರದಿಯ ‘ಸಿವಿಯರ್’ (ತೀವ್ರ) ಪದವೊಂದನ್ನೇ ನೋಡಿ ಗಾಬರಿಯಾಗಬೇಡಿ. ಚಿತ್ರದಲ್ಲಿ ಕಾಣುವಷ್ಟೇ ತೊಂದರೆ ಇರಬೇಕೆಂದಿಲ್ಲ.

ಮಾಡಬೇಕಾದ್ದು: ಅಂಗಾತ ಮಲಗಿ ಮಂಡಿ ಮಡಚಿ, ಹೊಟ್ಟೆ ಬಿಗಿದು ಸೊಂಟವನ್ನು ನೆಲಕ್ಕೆ ಒತ್ತಿ ಐದು ಎಣಿಸುವಷ್ಟು ಹೊತ್ತು ಹಿಡಿಯಿರಿ, ಹತ್ತು ಸಲ. ಆಮೇಲೆ ಒಂದೊಂದೇ ಮಂಡಿಯನ್ನು ಎದೆಗೆ ತಂದು 20ರಿಂದ 30 ಸೆಕೆಂಡು, ಮೂರು ಮೂರು ಸಲ. ಪವನಮುಕ್ತಾಸನದಂತೆ ತಲೆ ಎತ್ತುವುದು ಬೇಡ. ಮೂಳೆ ಟೊಳ್ಳಾಗುವ ತೊಂದರೆ (ಆಸ್ಟಿಯೊಪೊರೋಸಿಸ್) ಇರುವವರು, ಹಿಂದೆ ಬೆನ್ನುಮೂಳೆ ಕುಸಿದವರು ಫಿಸಿಯೋಥೆರಪಿಸ್ಟ್ ಎದುರೇ ಕಲಿಯಬೇಕು. ನಡಿಗೆಯನ್ನು ತುಂಡು ಮಾಡಿ: ಕಾಲು ಜೋಮು ಹಿಡಿಯುವ ಮೊದಲೇ ಕೂತು, ಮತ್ತೆ ಹೊರಡಿ. ವಾಕರ್ ಹಿಡಿದು ತುಸು ಬಾಗಿ ನಡೆಯಲು ನಾಚಿಕೆ ಬೇಡವೇ ಬೇಡ. ಅಡುಗೆಕಟ್ಟೆಯ ಮುಂದೆ ಒಂದು ಪಾದವನ್ನು ಗಿಡ್ಡ ಮಣೆಯ ಮೇಲಿಟ್ಟರೆ ನಿಲ್ಲುವುದು ಸುಲಭ. ಬೆನ್ನು ತುಳಿಸುವುದು, ‘ನೆಟಿಗೆ’ ತೆಗೆಸುವುದು ಬೇಡ.

ಮಾತ್ರೆಗಳಲ್ಲೇ ಹೆಚ್ಚಿನವರು ಮೋಸಹೋಗುತ್ತಾರೆ. ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ ಡೈಕ್ಲೋಫೆನಾಕ್ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗಬಹುದು, ಬಿಪಿ ಏರಬಹುದು. ಬಿಪಿ ಮಾತ್ರೆಯೂ ಜೊತೆಗಿದ್ದರೆ ಮೂತ್ರಪಿಂಡಕ್ಕೆ ಅಪಾಯ ಇನ್ನೂ ಹೆಚ್ಚು. ನರನೋವಿಗೆ ಕೊಡುವ ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್ ವಯಸ್ಸಾದವರಲ್ಲಿ ತಲೆಸುತ್ತು ತರುತ್ತವೆ. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಹೀಗೇ. ಬೆನ್ನಿಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ ಹೆಚ್ಚೆಂದರೆ ಕೆಲವು ಕಾಲದ ಆರಾಮವಷ್ಟೇ ಕೊಡುತ್ತದೆ, ಇಕ್ಕಟ್ಟನ್ನು ಅಗಲಿಸುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ.

ಸೌಮ್ಯ, ಮಧ್ಯಮ ತೊಂದರೆ ಇರುವ ಬಹಳ ಜನ ಆಪರೇಷನ್ ಇಲ್ಲದೆಯೇ ವರ್ಷಗಟ್ಟಲೆ ಸಾಗುತ್ತಾರೆ. ಆದರೆ ಮೂತ್ರ ಕಟ್ಟಿದರೆ, ತಿಳಿಯದೆ ಮೂತ್ರ ಅಥವಾ ಮಲ ಹೋದರೆ, ಶೌಚ ತೊಳೆಯುವಾಗ ಆ ಭಾಗದ ಸ್ಪರ್ಶವೇ ಗೊತ್ತಾಗದಿದ್ದರೆ, ಪಾದ ಜೋತುಬಿದ್ದು ಚಪ್ಪಲಿ ಕಳಚತೊಡಗಿದರೆ ವ್ಯಾಯಾಮ, ಎಣ್ಣೆ, ಮಾತ್ರೆ ಎಲ್ಲ ಬಿಟ್ಟು ಎಂಆರ್‌ಐ ಮತ್ತು ನರ ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆ ಕ್ಷಣವೇ ಹೊರಡಿ. ಬೆಳಿಗ್ಗೆಯವರೆಗೆ ಕಾದರೆ ಮೂತ್ರದ ಹಿಡಿತ ಮತ್ತೆ ಬಾರದೇ ಹೋಗಬಹುದು.